ಕಾರಿನ ಹಿಂದಿನ ಸೀಟಿನ ಜಾಗಕ್ಕೆ ಸಾಮಾನಿನ ಅಟ್ಟಣೆ: ಒಂದೂ ಹೊಸ ತೂತು ಕೊರೆಯದೆ

ತೋಟ, ನರ್ಸರಿ, ಸಂತೆಯ ವ್ಯಾಪಾರ, ಮನೆಯಲ್ಲೇ ನಡೆಸುವ ಅಡುಗೆಯ ಕೆಲಸ ಇಟ್ಟುಕೊಂಡವರ ಕಾರುಗಳನ್ನು ಒಮ್ಮೆ ಗಮನಿಸಿ. ಐದು ಜನರಿಗೆಂದು ಕೊಂಡ ಕಾರಿನಲ್ಲಿ ವಾರದ ಬಹುತೇಕ ದಿನ ಓಡಾಡುವುದು ಒಬ್ಬರೋ ಇಬ್ಬರೋ. ಹಿಂದಿನ ಸೀಟಿನ ತುಂಬ ತರಕಾರಿ ಕ್ರೇಟು, ಅಡಿಕೆ ಸಸಿಯ ಕೊಟ್ಟೆ, ಗೊಬ್ಬರದ ಚೀಲ, ಔಷಧಿ ಹೊಡೆಯುವ ಪಂಪು. ಸೀಟಿನ ಮೆತ್ತೆ ಹಿಂದಕ್ಕೆ ವಾಲಿರುವುದರಿಂದ ಕ್ರೇಟು ನೆಟ್ಟಗೆ ಕೂರುವುದಿಲ್ಲ. ತಿರುವಿನಲ್ಲಿ ಜಾರುತ್ತದೆ, ಬ್ರೇಕ್ ಹಾಕಿದರೆ ಮುಂದಿನ ಸೀಟಿಗೆ ಗುದ್ದುತ್ತದೆ, ಕೆಸರು ನೀರು ಮೆತ್ತೆಯೊಳಗೆ ಇಳಿದು ವಾಸನೆ ಹಿಡಿಯುತ್ತದೆ. ಆ ಸೀಟನ್ನು ತೆಗೆದು ಸಮತಟ್ಟಾದ ಅಟ್ಟಣೆಯೊಂದನ್ನು ಕೂರಿಸಿದರೆ ಈ ಎಲ್ಲ ತೊಂದರೆಗಳೂ ಒಟ್ಟಿಗೆ ತೀರುತ್ತವೆ.

ಇದು ಮರಗೆಲಸದ ಅಲ್ಪಸ್ವಲ್ಪ ರೂಢಿಯಿರುವ ಯಾರು ಬೇಕಾದರೂ ಮನೆಯ ಅಂಗಳದಲ್ಲಿ ಮಾಡಬಹುದಾದ ಕೆಲಸ. ಆದರೆ ಎರಡು ನಿಯಮಗಳನ್ನು ಕೊನೆಯವರೆಗೂ ಬಿಡಬಾರದು. ಒಂದು, ಅಟ್ಟಣೆ ಕಾರಿನೊಳಗೆ ಇಟ್ಟ ಮೇಜು ಆಗಬಾರದು. ಅದೂ ಅದರ ಮೇಲಿನ ಸಾಮಾನೂ ಕಾರಿನ ಉಕ್ಕಿನ ಮೈಗೆ ಬಿಗಿಯಾಗಿ ಸೇರಿಕೊಂಡಿರಬೇಕು. ಎರಡು, ಹಾಗೆ ಸೇರಿಸಲು ಕಾರಿನ ಮೈಯಲ್ಲಿ ಒಂದೇ ಒಂದು ಹೊಸ ತೂತನ್ನೂ ಕೊರೆಯಬಾರದು. ಸೀಟನ್ನು ಹಿಡಿದಿದ್ದ ಬೋಲ್ಟಿನ ಜಾಗಗಳೇ ಸಾಕು, ಅವುಗಳಿಗಿಂತ ಗಟ್ಟಿಯಾದ ಜಾಗ ಆ ನೆಲದಲ್ಲಿ ಬೇರೆ ಸಿಗುವುದೂ ಇಲ್ಲ.

ಇಲ್ಲಿ ಹೇಳಿರುವುದು ವ್ಯಾಗನ್ ಆರ್‌ನಂಥ, ಚಾವಣಿ ಎತ್ತರವಿರುವ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರುಗಳಿಗೆ ಹೊಂದುತ್ತದೆ. ಬೇರೆ ಸಣ್ಣ ಕಾರುಗಳಿಗೂ ಕ್ರಮ ಇದೇ, ಅಳತೆ ಮಾತ್ರ ಬೇರೆ. ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇರುವ ಕಾರು, ಹೈಬ್ರಿಡ್ ಕಾರು, ವಿದ್ಯುತ್ ಕಾರು ಈ ಕೆಲಸಕ್ಕೆ ಬೇಡ. ಅವುಗಳ ಹಿಂಭಾಗದ ನೆಲದಲ್ಲಿ ಅನಿಲದ ಕೊಳವೆಯೋ ಹೈವೋಲ್ಟೇಜ್ ತಂತಿಯೋ ಹಾದುಹೋಗಿರಬಹುದು.

ತೆಗೆಯಲೇಬೇಕೇ, ಮಡಚಿದರೆ ಸಾಲದೇ?

ಸೀಟು ಬಿಚ್ಚುವ ಮೊದಲು ಅದನ್ನು ಮಡಚಿ ನೋಡಿ. ಹೆಚ್ಚಿನ ಹ್ಯಾಚ್‌ಬ್ಯಾಕ್‌ಗಳಲ್ಲಿ ಹಿಂದಿನ ಒರಗು ಮುಂದಕ್ಕೆ ಬಾಗುತ್ತದೆ. ಕೆಲವುಗಳಲ್ಲಿ ಕೂರುವ ಮೆತ್ತೆಯೂ ಮುಂದಕ್ಕೆ ಮಗುಚುತ್ತದೆ. ಹಾಗೆ ಮಡಚಿದಾಗ ಡಿಕ್ಕಿಗೂ ಸೀಟಿನ ಬೆನ್ನಿಗೂ ನಡುವೆ ಒಂದು ಮೆಟ್ಟಿಲು ಉಳಿಯುತ್ತದೆ. ಆ ಮೆಟ್ಟಿಲನ್ನು ಸಮ ಮಾಡುವ ಹಗುರವಾದ ಹಲಗೆಯೊಂದೇ ನಿಮ್ಮ ಕೆಲಸಕ್ಕೆ ಸಾಕಾಗಬಹುದು. ಭಾನುವಾರ ಮನೆಮಂದಿಯೆಲ್ಲ ಅದೇ ಕಾರಿನಲ್ಲಿ ಮದುವೆಗೋ ದೇವಸ್ಥಾನಕ್ಕೋ ಹೋಗಬೇಕೆಂದಿದ್ದರೆ ನಾನು ಇದನ್ನೇ ಮಾಡಿ ಎನ್ನುತ್ತೇನೆ. ಕಾರಿನ ಕಂಪನಿ ಕೊಟ್ಟ ಒಂದು ಬೋಲ್ಟನ್ನೂ ಮುಟ್ಟಬೇಕಾಗಿಲ್ಲ, ಕಾನೂನಿನ ತಕರಾರೂ ಇಲ್ಲ.

ಸೀಟನ್ನು ಪೂರ್ತಿ ತೆಗೆಯುವುದರಿಂದ ಸಿಗುವ ಲಾಭ ಎತ್ತರದ್ದು. ಮಡಚಿದ ಮೆತ್ತೆ ಮತ್ತು ಒರಗು ಒಂದರ ಮೇಲೊಂದು ಕೂತು ತಿನ್ನುವ ಜಾಗ ಪೂರ್ತಿ ಉಳಿಯುತ್ತದೆ. ಸಸಿಗಳನ್ನು ನಿಲ್ಲಿಸಿ ಒಯ್ಯುವವರಿಗೆ, ಕ್ರೇಟಿನ ಮೇಲೆ ಕ್ರೇಟು ಪೇರಿಸುವವರಿಗೆ ಅದು ದೊಡ್ಡ ಮಾತು. ಅಂಥವರು ಮುಂದೆ ಓದಿ.

ಆರ್‌ಸಿ ಮತ್ತು ವಿಮೆ

ಇದನ್ನು ಹಾರಿಸಿ ಮುಂದೆ ಹೋಗಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೂ ಆರ್‌ಸಿಯಲ್ಲಿರುವ ವಿವರಗಳಿಗೂ ವ್ಯತ್ಯಾಸ ಬರುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ನಿನಲ್ಲಿ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶವಿದೆ. ಆರ್‌ಸಿಯಲ್ಲಿ ಆಸನಗಳ ಸಂಖ್ಯೆ ಅಚ್ಚಾಗಿರುತ್ತದೆ. ಹಿಂದಿನ ಸೀಟನ್ನು ಕಾಯಂ ಆಗಿ ತೆಗೆದು ಓಡಾಡುವುದೆಂದರೆ ಆ ಸಂಖ್ಯೆಯನ್ನು ಸುಳ್ಳು ಮಾಡಿದಂತೆ.

ಆದ್ದರಿಂದ ಕೆಲಸ ಶುರು ಮಾಡುವ ಮೊದಲೇ ನಿಮ್ಮ ಆರ್‌ಟಿಓ ಕಚೇರಿಗೆ ಹೋಗಿ, ಬಿಚ್ಚಿ ಮತ್ತೆ ಕೂರಿಸಬಹುದಾದ ಅಟ್ಟಣೆಯ ರೇಖಾಚಿತ್ರವನ್ನು ತೋರಿಸಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಒಪ್ಪಿಗೆ ಸಿಗದಿದ್ದರೆ ಸಾರ್ವಜನಿಕ ರಸ್ತೆಗೆ ಸೀಟು ಮಡಚುವ ವಿಧಾನವೇ ಗತಿ. ವಿಮಾ ಕಂಪನಿಗೂ ಪತ್ರವೋ ಇಮೇಲೋ ಕಳಿಸಿ. ಹೇಳದೆ ಮಾಡಿದ ಮಾರ್ಪಾಡನ್ನು ಮುಂದಿಟ್ಟುಕೊಂಡು ಪರಿಹಾರ ನಿರಾಕರಿಸಲು ಅವರಿಗೆ ದಾರಿ ಮಾಡಿಕೊಡಬೇಡಿ. ಇನ್ನು, ಬಿಳಿ ಬೋರ್ಡಿನ ಕಾರಿನಲ್ಲಿ ಬಾಡಿಗೆಗೆ ಬೇರೆಯವರ ಸರಕು ಸಾಗಿಸುವಂತಿಲ್ಲ. ಅಟ್ಟಣೆ ಇದ್ದರೂ ಇಲ್ಲದಿದ್ದರೂ ಆ ಮಾತು ಹಾಗೇ ನಿಲ್ಲುತ್ತದೆ.

ತೂಕದ ಲೆಕ್ಕ

ಜಾಗ ಖಾಲಿ ಇದೆಯೆಂದು ತುಂಬಿಸುತ್ತ ಹೋಗುವ ಆಸೆ ಎಲ್ಲರಿಗೂ ಬರುತ್ತದೆ. ಆದರೆ ಸೀಟು ತೆಗೆದರೆ ಜಾಗ ಹೆಚ್ಚುತ್ತದೆಯೇ ಹೊರತು ಕಾರಿನ ಸ್ಪ್ರಿಂಗು, ಬ್ರೇಕು, ಟೈರುಗಳ ಶಕ್ತಿ ಹೆಚ್ಚುವುದಿಲ್ಲ. ಕಾರಿನ ಕೈಪಿಡಿಯಲ್ಲಿ ಎರಡು ಅಂಕಿಗಳಿರುತ್ತವೆ: ಖಾಲಿ ಕಾರಿನ ತೂಕ, ಮತ್ತು ತುಂಬಿದ ಕಾರಿನ ಗರಿಷ್ಠ ತೂಕ. ಉದಾಹರಣೆಗೆ ಖಾಲಿ ತೂಕ 840 ಕೆ.ಜಿ., ಗರಿಷ್ಠ ತೂಕ 1,340 ಕೆ.ಜಿ. ಎಂದಿಟ್ಟುಕೊಳ್ಳಿ. ಉಳಿಯುವುದು 500. ಮುಂದೆ ಕೂರುವ ಇಬ್ಬರಿಗೆ 140 ಕಳೆದರೆ 360. ತೆಗೆದ ಸೀಟಿನ ತೂಕವನ್ನು ಕೂಡಿ, ಕೂರಿಸಿದ ಅಟ್ಟಣೆಯ ತೂಕವನ್ನು ಕಳೆದರೆ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ.

ಹಾಗೆಂದು 350 ಕೆ.ಜಿ. ಹೇರಬೇಡಿ. ಕಾರಿನ ಹಿಂಭಾಗವನ್ನು ಮೂವರು ಮನುಷ್ಯರು ಮತ್ತು ಡಿಕ್ಕಿಯ ಒಂದಷ್ಟು ಸಾಮಾನನ್ನು ಹೊರಲೆಂದು ರೂಪಿಸಿರುತ್ತಾರೆ. ಆ ಮೂವರ ತೂಕವೂ ಹಿಂದಿನ ಅಚ್ಚಿಗಿಂತ ಮುಂದೆಯೇ ಬೀಳುತ್ತದೆ. ಇಂಥ ಕಾರಿಗೆ 200 ಕೆ.ಜಿ. ಹಿತವಾದ ಮಿತಿ, 250 ಕೊನೆಯ ಮಿತಿ ಎಂಬುದು ನನ್ನ ನಿಲುವು. ನೀರು ಹಾಕಿದ ಸಸಿಯ ಕೊಟ್ಟೆ ಒಣಗಿದ್ದಾಗಿನ ತೂಕಕ್ಕಿಂತ ಬಹಳ ಹೆಚ್ಚಿರುತ್ತದೆ. ಹಾಗಾಗಿ ಒಂದನ್ನು ನೀರು ಹಾಕಿದ ಮೇಲೆಯೇ ತೂಗಿ ಗುಣಿಸಿಕೊಳ್ಳಿ.

ಸೀಟು ಬಿಚ್ಚುವುದು

ಬೇಕಾದದ್ದು ಸಾಕೆಟ್ ಸೆಟ್, ತುಕ್ಕು ಸಡಿಲಿಸುವ ಎಣ್ಣೆ, ಪ್ಲಾಸ್ಟಿಕ್ ಕ್ಲಿಪ್ ಎಬ್ಬಿಸಲು ಚಪ್ಪಟೆ ತುದಿಯ ಸ್ಕ್ರೂಡ್ರೈವರ್, ಒಂದು ಮುಚ್ಚಳದ ಡಬ್ಬಿ. ಬೋಲ್ಟಿನ ತಲೆಗಳು ಸಾಮಾನ್ಯವಾಗಿ 12 ಅಥವಾ 14 ಮಿ.ಮೀ. ಇರುತ್ತವೆ, ಸೀಟ್ ಬೆಲ್ಟಿನವು 17. ಆರು ಮೂಲೆಯ ಸಾಕೆಟ್ಟನ್ನೇ ಹಾಕಿ. ಹನ್ನೆರಡು ಮೂಲೆಯದು ತುಕ್ಕು ಹಿಡಿದ ತಲೆಯನ್ನು ಸವೆಸಿ ದುಂಡಾಗಿಸುತ್ತದೆ. ಎಣ್ಣೆಯನ್ನು ಹಿಂದಿನ ರಾತ್ರಿಯೇ ಹಾಕಿಟ್ಟರೆ ಬೆಳಿಗ್ಗೆ ಕೈಗೆ ಶ್ರಮವಿರುವುದಿಲ್ಲ.

ಮೊದಲು ಇಗ್ನಿಷನ್ ಆರಿಸಿ, ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿ ಹತ್ತು ನಿಮಿಷ ಸುಮ್ಮನಿರಿ. ಹೊಸ ಕಾರುಗಳಲ್ಲಿ ಹಿಂದಿನವರು ಬೆಲ್ಟ್ ಹಾಕಿದ್ದಾರೆಯೇ ಎಂದು ತಿಳಿಸುವ ತಂತಿಗಳು ಸೀಟಿನ ಅಡಿಯಲ್ಲಿರುತ್ತವೆ. ಹಳದಿ ಬಣ್ಣದ ಕನೆಕ್ಟರ್ ಏನಾದರೂ ಕಂಡರೆ ಅದು ಏರ್‌ಬ್ಯಾಗ್ ವ್ಯವಸ್ಥೆಗೆ ಸೇರಿದ್ದು. ಅಲ್ಲಿಗೆ ಕೈಬಿಟ್ಟು ಕಂಪನಿಯ ಸರ್ವಿಸ್ ಕೇಂದ್ರದವರನ್ನು ಕೇಳಿ.

ಕೂರುವ ಮೆತ್ತೆಯ ಮುಂದಿನ ಅಂಚಿನಲ್ಲಿ ಕ್ಲಿಪ್ಪುಗಳಿರುತ್ತವೆ, ಇಲ್ಲವೇ ಮಗುಚುವ ಸೀಟಾದರೆ ಎರಡು ಕೀಲುಗಳು ಬೋಲ್ಟಿನಲ್ಲಿ ಕೂತಿರುತ್ತವೆ. ಒರಗಿನ ಕೀಲುಗಳು ಎರಡು ಪಕ್ಕಗಳಲ್ಲಿ, ಚಕ್ರದ ಉಬ್ಬಿನ ಬುಡದಲ್ಲಿ, ಹಾಸಿನ ಅಡಿ ಅಡಗಿರುತ್ತವೆ. ಒರಗು ಎರಡು ಭಾಗವಾಗಿ ಮಡಚುವಂಥದ್ದಾದರೆ ನಡುವೆಯೂ ಒಂದು ಕೀಲು ಇರುತ್ತದೆ. ಪ್ರತಿಯೊಂದು ಬೋಲ್ಟನ್ನು ತೆಗೆಯುವ ಮೊದಲು ಮೊಬೈಲಿನಲ್ಲಿ ಚಿತ್ರ ತೆಗೆದಿಡಿ, ತೆಗೆದ ಮೇಲೆ ಅದರ ಜಾಗದ ಹೆಸರು ಬರೆದ ಚೀಟಿಯೊಂದಿಗೆ ಸಣ್ಣ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ. ಸೀಟ್ ಬೆಲ್ಟಿನ ಬೋಲ್ಟಿನ ಥ್ರೆಡ್ ಹೆಚ್ಚಿನ ಕಾರುಗಳಲ್ಲಿ 7/16 ಇಂಚಿನದು, ಸೀಟಿನ ಬೋಲ್ಟಿನದು ಮಿಲಿಮೀಟರ್ ಲೆಕ್ಕದ್ದು. ನೋಡಲು ಒಂದೇ ಥರ ಕಾಣುತ್ತವೆ. ಅದಲುಬದಲಾದರೆ ಕಾರಿನ ಮೈಗೆ ಬೆಸೆದ ನಟ್ಟಿನ ಥ್ರೆಡ್ಡೇ ಹಾಳು. ಹಿಂದಿನ ಬೆಲ್ಟುಗಳನ್ನು ಪೂರ್ತಿ ಬಿಚ್ಚುವ ಅಗತ್ಯವೇ ಇಲ್ಲ. ಸುರುಳಿ ಕಂಬದ ಪಕ್ಕದಲ್ಲೇ ಇರಲಿ, ಪಟ್ಟಿಯನ್ನು ಮೇಲೆ ಕಟ್ಟಿಬಿಡಿ.

ಸೀಟು ಹೊರಬಂದ ಮೇಲೆ ನೆಲವನ್ನು ಚೆನ್ನಾಗಿ ಗುಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಬಗ್ಗಿ ನೋಡಿ. ಬಣ್ಣ ಉಬ್ಬಿದ ಕಡೆ ಉಗುರಿನಿಂದ ಕೆರೆದರೆ ಕಂದು ಪುಡಿ ಬರುತ್ತದೆಯೇ? ಬಂದರೆ ಉಜ್ಜುಕಾಗದ ಹಾಕಿ ರೆಡ್ ಆಕ್ಸೈಡ್ ಬಳಿಯಲು ಇದಕ್ಕಿಂತ ಒಳ್ಳೆಯ ಸಮಯ ಮತ್ತೆ ಸಿಗುವುದಿಲ್ಲ. ಮಧ್ಯದಲ್ಲೋ ಒಂದು ಪಕ್ಕದಲ್ಲೋ ಸ್ಕ್ರೂ ಹಾಕಿದ ತಗಡಿನ ಮುಚ್ಚಳ ಕಾಣಿಸಬಹುದು. ಅದರ ಕೆಳಗೆ ಪೆಟ್ರೋಲ್ ಪಂಪು, ಅದಕ್ಕೂ ಕೆಳಗೆ ಟ್ಯಾಂಕು. ನೆಲಕ್ಕೆ ತೂತು ಕೊರೆಯಬಾರದು ಎಂಬ ನಿಯಮದ ಅರ್ಥ ಅದನ್ನು ಕಣ್ಣಾರೆ ಕಂಡವರಿಗೆ ಮತ್ತೆ ವಿವರಿಸಬೇಕಾಗಿಲ್ಲ: ಹೆಚ್ಚಿನ ಸಣ್ಣ ಕಾರುಗಳಲ್ಲಿ ಹಿಂದಿನ ಸೀಟಿನ ಅಡಿಯ ಒಂದು ಪದರ ತಗಡಿನಾಚೆ ಇರುವುದೇ ಪೆಟ್ರೋಲು.

ರಟ್ಟಿನ ಅಚ್ಚು

ಕಾರಿನೊಳಗೆ ನೇರವಾದ ಗೆರೆಯೇ ಇಲ್ಲ. ಟೇಪು ಹಿಡಿದು ಅಳೆದು ನೇರವಾಗಿ ಪ್ಲೈವುಡ್ ಕತ್ತರಿಸಿದರೆ ಹಾಳೆ ಕೆಡುವುದು ಖಂಡಿತ. ಫ್ರಿಜ್ಜೋ ಟಿವಿಯೋ ಬಂದ ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಅಂಗಡಿಯಿಂದ ತಂದು, ಡಿಕ್ಕಿಯ ಹೊಸ್ತಿಲಿನಿಂದ ಮುಂದಿನ ಸೀಟಿನ ಬೆನ್ನಿನವರೆಗೆ ಹಾಸಿ, ಚಕ್ರದ ಉಬ್ಬುಗಳ ಸುತ್ತ ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತ ಹೊಂದಿಸಿ. ಹೆಚ್ಚು ಕತ್ತರಿಸಿಹೋದರೆ ತುಂಡೊಂದನ್ನು ಟೇಪಿನಿಂದ ಅಂಟಿಸಿ ಮತ್ತೆ ಶುರು ಮಾಡಿ. ಮುಂದಿನ ಸೀಟುಗಳನ್ನು ಉದ್ದ ಕಾಲಿನವರು ಕೂರುವಷ್ಟು ಹಿಂದಕ್ಕೆ ಸರಿಸಿಟ್ಟೇ ಈ ಕೆಲಸ ಮಾಡಿ. ಬದಿಗಳಲ್ಲಿ 10 ಮಿ.ಮೀ. ಸಂದು ಬಿಡಿ. ಕಾರು ಓಡುವಾಗ ಮೈ ಸ್ವಲ್ಪ ತಿರುಚುತ್ತದೆ. ಸಂದಿಲ್ಲದ ಹಲಗೆ ಕಿರುಗುಡುತ್ತ ಪ್ಲಾಸ್ಟಿಕ್ಕನ್ನು ಉಜ್ಜುತ್ತದೆ.

ಇಷ್ಟು ಅಗಲದ ಹಲಗೆ ಒಂದೇ ತುಂಡಾಗಿ ಡಿಕ್ಕಿಯ ಬಾಗಿಲಿನಿಂದ ಒಳಗೆ ಹೋಗುವುದಿಲ್ಲ, ಹೋದರೂ ಒಬ್ಬರಿಂದ ಎತ್ತಲಾಗುವುದಿಲ್ಲ. ಅಡ್ಡಲಾಗಿ ಎರಡು ಭಾಗ ಮಾಡಿ: ಮುಂದಿನದು ಕಾಲಿಡುವ ಗುಂಡಿಯ ಮತ್ತು ಸೀಟಿದ್ದ ಜಾಗದ ಮೇಲೆ, ಹಿಂದಿನದು ಡಿಕ್ಕಿಯ ಮೇಲೆ. ಸ್ಟೆಪ್ನಿ ಮತ್ತು ಜಾಕು ಡಿಕ್ಕಿಯ ನೆಲದಡಿಯಲ್ಲಿ ಇರುವುದರಿಂದ ಹಿಂದಿನ ಭಾಗಕ್ಕೆ ಕೀಲು ಹಾಕಿ ಎತ್ತುವ ಮುಚ್ಚಳವನ್ನಾಗಿ ಮಾಡಬೇಕು. ಆಗುಂಬೆ ಘಾಟಿಯ ಮಳೆಯಲ್ಲಿ ಟೈರು ಪಂಕ್ಚರಾದರೆ ಸಾಮಾನನ್ನೆಲ್ಲ ರಸ್ತೆಗೆ ಇಳಿಸುವಂತಾಗಬಾರದು. ಆದ್ದರಿಂದ ಒಯ್ಯುವ ಸಾಮಾನಿನಲ್ಲಿ ಬೇಗ ಇಳಿಸಬಹುದಾದದ್ದು ಯಾವಾಗಲೂ ಆ ಮುಚ್ಚಳದ ಮೇಲಿರಲಿ. ಪೆಟ್ರೋಲ್ ಪಂಪಿನ ಮುಚ್ಚಳದ ಮೇಲೆ ಬರುವ ಜಾಗವನ್ನೂ ರಟ್ಟಿನ ಮೇಲೆ ಗುರುತು ಹಾಕಿಕೊಳ್ಳಿ, ಅಲ್ಲಿ ಅಡ್ಡಪಟ್ಟಿ ಬರಬಾರದು.

ಹಲಗೆ ಮತ್ತು ಚೌಕಟ್ಟು

ಪ್ಲೈವುಡ್ 12 ಮಿ.ಮೀ. ದಪ್ಪದ್ದು ಸಾಕು. ಎಂಟಡಿ ನಾಲ್ಕಡಿಯ ಒಂದು ಶೀಟು ಸುಮಾರು 25 ಕೆ.ಜಿ. ತೂಗುತ್ತದೆ, ಅದರಲ್ಲಿ ಅರ್ಧದಷ್ಟು ಅಟ್ಟಣೆಗೆ ಹೋಗುತ್ತದೆ, ಉಳಿದದ್ದರಲ್ಲಿ ಕಾಲುಗಳ ಪಾದ, ಅಂಚುಪಟ್ಟಿ ಎಲ್ಲವೂ ಬರುತ್ತವೆ. 18 ಮಿ.ಮೀ. ಹಾಕಿದರೆ ಇನ್ನೂ ಗಟ್ಟಿ ಎನ್ನುವವರಿದ್ದಾರೆ. ಅದರಿಂದ ತೂಕ ಒಂದೂವರೆ ಪಟ್ಟಾಗುತ್ತದೆ, ಮತ್ತು ಕೆಳಗಿನ ಅಡ್ಡಪಟ್ಟಿ ಸರಿಯಾಗಿದ್ದರೆ ಆ ದಪ್ಪದ ಅಗತ್ಯವೇ ಬೀಳುವುದಿಲ್ಲ. ಹಿಂಬದಿಯಲ್ಲಿ ಐಎಸ್ 710 ಎಂಬ ಮುದ್ರೆಯಿರುವ ಮರೀನ್ ಪ್ಲೈವುಡ್ ಒದ್ದೆ ಸಾಮಾನಿಗೆ ಒಳ್ಳೆಯದು. ಒಣ ಸಾಮಾನು ಮಾತ್ರ ಒಯ್ಯುವವರಿಗೆ ಐಎಸ್ 303ರ ಬಿಡಬ್ಲ್ಯುಆರ್ ದರ್ಜೆ, ಅಂದರೆ ಕುದಿಯುವ ನೀರನ್ನೂ ತಾಳುವಂಥದ್ದು, ಸಾಕು. ಬರಿಯ ತೇವವನ್ನಷ್ಟೇ ತಾಳುವ ಎಂಆರ್ ದರ್ಜೆಯದು ಬೇಡ, ಮಳೆಗಾಲದಲ್ಲಿ ಪದರ ಬಿಡುತ್ತದೆ.

ಚೌಕಟ್ಟಿಗೆ ಎರಡಿಂಚು ಅಗಲ, ಒಂದೂವರೆ ಇಂಚು ದಪ್ಪದ ಒಣಗಿದ ರೀಪು ಬೇಕು. ಸಿಲ್ವರ್ ಓಕ್ ಹಗುರವಾಗಿದ್ದು ಕೆಲಸಕ್ಕೆ ಒಗ್ಗುತ್ತದೆ, ಅಕೇಶಿಯ ಗಟ್ಟಿ ಆದರೆ ಭಾರ. ಹಸಿ ಮರ ಮಾತ್ರ ಬೇಡವೇ ಬೇಡ. ಒಣಗಿದಂತೆಲ್ಲ ಕುಗ್ಗಿ ಬಿಗಿದ ಬೋಲ್ಟುಗಳೆಲ್ಲ ಸಡಿಲವಾಗುತ್ತವೆ.

ಅಟ್ಟಣೆಯ ಮಟ್ಟವನ್ನು ನಿರ್ಧರಿಸುವುದು ಕಾರಿನ ನೆಲದ ಅತಿ ಎತ್ತರದ ಜಾಗ. ಸಾಮಾನ್ಯವಾಗಿ ಅದು ಡಿಕ್ಕಿಯ ನೆಲವೋ ಒರಗಿನ ಕೀಲಿನ ಜಾಗವೋ ಆಗಿರುತ್ತದೆ. ಅಲ್ಲಿಂದ ಮುಂದಕ್ಕೆ ದಾರ ಎಳೆದು ಕಟ್ಟಿ, ಕಾಲಿಡುವ ಗುಂಡಿಯಲ್ಲಿ ದಾರದಿಂದ ನೆಲಕ್ಕೆ ಎಷ್ಟು ಅಂತರವಿದೆ ಎಂದು ಅಳೆದರೆ ಮುಂದಿನ ಕಾಲುಗಳ ಎತ್ತರ ಸಿಗುತ್ತದೆ. ಅಡ್ಡಪಟ್ಟಿಗಳ ನಡುವಿನ ಅಂತರ 400 ಮಿ.ಮೀ. ಮೀರದಿರಲಿ. ಕಾಲುಗಳ ಅಡಿಗೆ ಅಂಗೈಯಗಲದ ಪ್ಲೈವುಡ್ ಪಾದ, ಅದರ ಅಡಿಗೆ ರಬ್ಬರ್ ತುಂಡು. ಇಲ್ಲದಿದ್ದರೆ ತೆಳು ತಗಡಿನ ನೆಲದ ಮೇಲೆ ಇಡೀ ಭಾರ ಒಂದು ಚಿಕ್ಕ ಬಿಂದುವಿನಲ್ಲಿ ಬೀಳುತ್ತದೆ. ಹಾಸಿನ ಅಡಿಯಲ್ಲಿ, ಬಾಗಿಲಿನ ಹೊಸ್ತಿಲ ಪಕ್ಕದಲ್ಲಿ ತಂತಿಗಳ ಕಟ್ಟು ಹಾದುಹೋಗಿರುತ್ತದೆ. ಕೈಯಿಂದ ಒತ್ತಿ ನೋಡಿ, ಅದರ ಮೇಲೆ ಪಾದ ಬಾರದಂತೆ ನೋಡಿಕೊಳ್ಳಿ.

ಜೋಡಣೆಗೆ ಮರದ ಅಂಟು ಮತ್ತು ಒಂದೂವರೆ ಇಂಚಿನ ಸ್ಕ್ರೂ ಸಾಕು. ಮೊಳೆ ಬಳಸಬೇಡಿ, ಅಲುಗಾಟಕ್ಕೆ ಮೊಳೆ ಮೆಲ್ಲಮೆಲ್ಲಗೆ ಮೇಲೆದ್ದು ಬರುತ್ತದೆ.

ಕಾರಿನ ಮೈಗೆ ಬಿಗಿಯುವುದು

ಇಡೀ ಕೆಲಸದ ಜೀವ ಇಲ್ಲಿದೆ. ಗಂಟೆಗೆ 50 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಆ ವೇಗದ ಕಾರು ಮರಕ್ಕೋ ಲಾರಿಗೋ ಗುದ್ದಿ 70 ಸೆಂ.ಮೀ. ಒಳಗೆ ನಿಂತರೆ, ಒಳಗಿನ ಪ್ರತಿಯೊಂದು ವಸ್ತುವೂ ತನ್ನ ತೂಕದ ಸುಮಾರು 14 ಪಟ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. 20 ಕೆ.ಜಿ.ಯ ಕ್ರೇಟು 280 ಕೆ.ಜಿ.ಯ ಒತ್ತಡವಾಗಿ ಬರುತ್ತದೆ. ಕಟ್ಟದ ಅಟ್ಟಣೆ, ಕಟ್ಟದ ಸಾಮಾನು ಎರಡೂ ಆಗ ಚಾಲಕರ ಬೆನ್ನಿಗೇ ಬಂದು ಬಡಿಯುತ್ತವೆ.

ಸೀಟಿನ ನಾಲ್ಕು ಬೋಲ್ಟಿನ ಜಾಗಗಳಿಗೆ, ಅಂದರೆ ಮೆತ್ತೆಯ ಕೀಲಿನ ಎರಡಕ್ಕೂ ಒರಗಿನ ಕೀಲಿನ ಎರಡಕ್ಕೂ, ಎಲ್ ಆಕಾರದ ಕಬ್ಬಿಣದ ಹಿಡಿಕೆಗಳನ್ನು ಮಾಡಿಸಬೇಕು. ಮೆತ್ತೆ ಬರಿಯ ಕ್ಲಿಪ್ಪಿನಲ್ಲಿ ಕೂತಿದ್ದ ಕಾರುಗಳಲ್ಲಿ ಮುಂದೆ ಬೋಲ್ಟಿನ ಜಾಗವೇ ಸಿಗುವುದಿಲ್ಲ. ಅಲ್ಲಿ ಹಿಂದಿನ ಸೀಟ್ ಬೆಲ್ಟ್ ಬಕಲ್ಲಿನ ಬೋಲ್ಟಿನ ಜಾಗವನ್ನು, ಅದರ ಮೂಲ ಬೋಲ್ಟನ್ನೇ ಹಾಕಿ ಬಳಸಿಕೊಳ್ಳಿ. ವೆಲ್ಡಿಂಗ್ ಅಂಗಡಿಯಲ್ಲಿ 40 ಮಿ.ಮೀ. ಅಗಲ, 5 ಮಿ.ಮೀ. ದಪ್ಪದ ಎಂ.ಎಸ್. (ಮೈಲ್ಡ್ ಸ್ಟೀಲ್) ಪಟ್ಟಿ ಸಿಗುತ್ತದೆ. ಅದನ್ನು ಬಗ್ಗಿಸಿ ಬಿಟ್ಟರೆ ಸಾಲದು. ಬಲ ಬಿದ್ದಾಗ ಬಾಗಿದ ಮೂಲೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಮೂಲೆಯ ಒಳಭಾಗಕ್ಕೆ ಎರಡು ಬೆರಳಗಲದ ತ್ರಿಕೋನದ ತುಂಡನ್ನು ಬೆಸೆಯಲು ಹೇಳಿ. ತೂತು ಬೋಲ್ಟಿಗಿಂತ ಅರ್ಧದಿಂದ ಒಂದು ಮಿ.ಮೀ. ದೊಡ್ಡದಿರಲಿ, ಉದ್ದನೆಯ ಸೀಳು ಬೇಡ. ಕೊರೆದ ಮೇಲೆ ಅಂಚಿನ ಮುಳ್ಳುಗಳನ್ನು ಅರದಿಂದ ಉಜ್ಜಿ. ಬಣ್ಣ ಬಳಿಯಿರಿ, ಆದರೆ ಬೋಲ್ಟಿನ ತಲೆ ಕೂರುವ ಜಾಗದಲ್ಲಿ ತೆಳುವಾಗಿ ಮಾತ್ರ. ಅಲ್ಲಿ ದಪ್ಪಗೆ ಬಳಿದ ಬಣ್ಣ ಒತ್ತಡಕ್ಕೆ ಕುಸಿದು, ಬಿಗಿದ ಬೋಲ್ಟು ತಾನಾಗಿಯೇ ಸಡಿಲವಾಗುತ್ತದೆ.

ಹಿಡಿಕೆಯ ಇನ್ನೊಂದು ತೋಳು ಮರದ ಅಡ್ಡಪಟ್ಟಿಗೆ ಸೇರುತ್ತದೆ. ಇಲ್ಲಿ ಸ್ಕ್ರೂ ನಂಬಬೇಡಿ. ತಲೆಯ ಮೇಲೆ 8.8 ಎಂಬ ಗಟ್ಟಿತನದ ದರ್ಜೆಯ ಮುದ್ರೆಯಿರುವ 8 ಮಿ.ಮೀ. ಬೋಲ್ಟುಗಳನ್ನು ಆರಪಾರ ಹಾಕಿ, ಆಚೆ ಬದಿಗೆ ಅಗಲವಾದ ವಾಷರು ಮತ್ತು ನೈಲಾನ್ ಲಾಕ್ ನಟ್ಟು ಕೊಡಿ. ಈ ಬೋಲ್ಟು ತುಂಡಾಗುವ ಮೊದಲೇ ಮರ ಸೀಳುತ್ತದೆ. ಆದ್ದರಿಂದ ಪ್ರತಿ ಹಿಡಿಕೆಗೆ ಎರಡು ಬೋಲ್ಟು, ರೀಪಿನ ತುದಿಯಿಂದ ಕನಿಷ್ಠ ಎರಡಿಂಚು ಒಳಗೆ.

ಕಾರಿನ ಮೂಲ ಬೋಲ್ಟನ್ನೇ ಮತ್ತೆ ಬಳಸುವುದಾದರೆ ಮೊದಲು ಬೆರಳಿನಿಂದಲೇ ತಿರುಗಿಸಿ ಕೂರಿಸಿ. ಬೆರಳಿಗೆ ಒಗ್ಗದ ಬೋಲ್ಟಿಗೆ ಸ್ಪ್ಯಾನರ್ ಹಾಕಿದರೆ ಥ್ರೆಡ್ ಹೋಗುತ್ತದೆ. ಹಿಡಿಕೆ ಮೂಲ ಕೀಲಿಗಿಂತ ದಪ್ಪವಿದ್ದು ಬೋಲ್ಟು ಗಿಡ್ಡ ಎನಿಸಿದರೆ, ಅದೇ ದರ್ಜೆಯ ಉದ್ದನೆಯದನ್ನು ಮಾದರಿ ತೋರಿಸಿ ತನ್ನಿ. ನಟ್ಟಿನೊಳಗೆ ಕನಿಷ್ಠ ಬೋಲ್ಟಿನ ವ್ಯಾಸದಷ್ಟಾದರೂ ಇಳಿದಿರಬೇಕು. ಬಿಗಿತಕ್ಕೆ ಕಾರಿನ ಸರ್ವಿಸ್ ಪುಸ್ತಕದ ಅಂಕಿಯೇ ಪ್ರಮಾಣ. ಅದು ಸಿಗದಿದ್ದರೆ 8.8 ದರ್ಜೆಯ 8 ಮಿ.ಮೀ. ಬೋಲ್ಟಿಗೆ ಸುಮಾರು 25 ನ್ಯೂಟನ್ ಮೀಟರ್, 10 ಮಿ.ಮೀ.ಗೆ 45ರಿಂದ 50. ಟಾರ್ಕ್ ವ್ರೆಂಚ್ ಕೈಯಲ್ಲಿಲ್ಲದಿದ್ದರೆ ಪರಿಚಯದ ಗ್ಯಾರೇಜಿನಲ್ಲಿ ಕೇಳಿ ಪಡೆಯಿರಿ.

ಮುಂದಿನ ಸೀಟಿನ ಹಿಂದೆ ತಡೆ

ಸೀಟು ತೆಗೆಯುವವರು ಮರೆಯುವ ಸಂಗತಿಯೆಂದರೆ ಆ ಸೀಟಿನ ಒರಗು ಅಷ್ಟು ದಿನ ಡಿಕ್ಕಿಯ ಸಾಮಾನಿಗೂ ಮನುಷ್ಯರಿಗೂ ನಡುವೆ ಗೋಡೆಯಾಗಿತ್ತು ಎಂಬುದು. ಗೋಡೆ ಕೆಡವಿದವರು ಅಲ್ಲಿ ಇನ್ನೊಂದನ್ನು ಕಟ್ಟಿಕೊಡಬೇಕು. ಒಂದಿಂಚಿನ ಚೌಕ ಪೈಪಿನ ಚೌಕಟ್ಟು, ಅದಕ್ಕೆ ಬೆಸೆದ ಎರಡಿಂಚು ಕಣ್ಣಿನ ವೆಲ್ಡ್ ಮೆಶ್. ಎತ್ತರ ಮುಂದಿನ ಸೀಟಿನ ತಲೆದಿಂಬಿನವರೆಗೆ. ಜಾಲರಿಯಾದ್ದರಿಂದ ಒಳಗನ್ನಡಿಯಲ್ಲಿ ಹಿಂದಿನ ರಸ್ತೆಯೂ ಕಾಣುತ್ತದೆ.

ಬುಡದಲ್ಲಿ ಮಾತ್ರ ಬಿಗಿದ ಜಾಲರಿ ಮೇಲಿನಿಂದ ಬಾಗುತ್ತದೆ. ಎರಡು ಪಕ್ಕಗಳಲ್ಲೂ ಮೇಲಿನ ಅಂಚಿನಿಂದ ಹಿಂದಕ್ಕೆ ಇಳಿಯುವ ಓರೆಕೋಲುಗಳನ್ನು ಬೆಸೆದು, ಅವುಗಳ ತುದಿಯನ್ನು ಒರಗಿನ ಕೀಲಿನ ಹಿಡಿಕೆಗಳ ಹತ್ತಿರ ಅಡ್ಡಪಟ್ಟಿಗೆ ಬೋಲ್ಟು ಮಾಡಿ. ಚಾವಣಿಯ ಬದಿಗಾಗಲಿ ಕಂಬಗಳ ಪ್ಲಾಸ್ಟಿಕ್ಕಿಗಾಗಲಿ ಏನನ್ನೂ ಕಟ್ಟಬೇಡಿ. ಆರು ಏರ್‌ಬ್ಯಾಗಿನ ಕಾರುಗಳಲ್ಲಿ ಪರದೆಯಂತೆ ಬಿಚ್ಚಿಕೊಳ್ಳುವ ಏರ್‌ಬ್ಯಾಗುಗಳು ಅಲ್ಲಿರುತ್ತವೆ. ಮುಂದಿನ ಸೀಟ್ ಬೆಲ್ಟಿನ ಬೋಲ್ಟಿಗೆ ಕೈ ಹಚ್ಚುವುದಂತೂ ಸಲ್ಲದು. ಗುದ್ದಿದಾಗ ಮುಂದಿನ ಸೀಟಿನ ಬೆನ್ನು ಹಿಂದಕ್ಕೆ ಬಾಗಲು ಜಾಗ ಬೇಕಾದ್ದರಿಂದ ಜಾಲರಿಗೂ ಸೀಟಿಗೂ ನಡುವೆ ಒಂದು ಗೇಣಿನ ಅಂತರ ಬಿಡಿ. ಮೇಲಿನ ಪೈಪಿಗೆ ದಪ್ಪ ಫೋಮ್ ಸುತ್ತಿ.

ಇದು ಕಾರ್ಖಾನೆಯಲ್ಲಿ ಗುದ್ದಿಸಿ ಪರೀಕ್ಷಿಸಿದ ತಡೆಯಲ್ಲ. ಅದರ ಕೆಲಸ ಕಟ್ಟು ಬಿಚ್ಚಿಕೊಂಡ ಹಗುರವಾದ ವಸ್ತುಗಳನ್ನು ಹಿಡಿಯುವುದು. ಭಾರವಾದದ್ದನ್ನು ಹಿಡಿಯಬೇಕಾದದ್ದು ಸಾಮಾನು ಕಟ್ಟುವ ಬೆಲ್ಟು. ಜಾಲರಿಯ ಎತ್ತರಕ್ಕಿಂತ ಮೇಲೆ ಯಾವ ಸಾಮಾನೂ ಇರಬಾರದು, ಅಟ್ಟಣೆಯ ಮೇಲೆ ಮಕ್ಕಳಾಗಲಿ ದೊಡ್ಡವರಾಗಲಿ ಒಂದು ಫರ್ಲಾಂಗು ದೂರಕ್ಕೂ ಕೂರಬಾರದು.

ಸಾಮಾನು ಕಟ್ಟುವುದು

ಅಟ್ಟಣೆಯ ನಾಲ್ಕು ಮೂಲೆಗೆ ಮತ್ತು ಎರಡು ಬದಿಯ ನಡುವೆ ಒಂದೊಂದರಂತೆ ಆರು ಡಿ-ರಿಂಗುಗಳು (ಇಂಗ್ಲಿಷಿನ ಡಿ ಅಕ್ಷರದ ಆಕಾರದ ಕಬ್ಬಿಣದ ಬಳೆಗಳು) ಸಾಕು. ಅವನ್ನು ಬರೀ ಪ್ಲೈವುಡ್ಡಿಗಲ್ಲ, ಕೆಳಗಿನ ಅಡ್ಡಪಟ್ಟಿಯ ಮೂಲಕ ಆರಪಾರ ಬೋಲ್ಟು ಮಾಡಿ. ಹಿಂದಿನ ಎರಡು ರಿಂಗುಗಳು ಎತ್ತುವ ಮುಚ್ಚಳಕ್ಕಲ್ಲ, ಅದರ ಆಚೀಚೆಯ ಚೌಕಟ್ಟಿಗೆ ಬರಲಿ. ಕಟ್ಟಲು ರ‍್ಯಾಚೆಟ್ ಬೆಲ್ಟು, ಅಂದರೆ ಹಿಡಿಯನ್ನು ಆಡಿಸಿ ಬಿಗಿಯುವ ಪಟ್ಟಿ, ಬಳಸಿ. ಕೊಕ್ಕೆಯಿರುವ ರಬ್ಬರ್ ಹಗ್ಗ ಸ್ಕೂಟರಿನ ಮೇಲೆ ಸರಿ, ಇಲ್ಲಿ ಹಿಗ್ಗಿ ಸಾಮಾನನ್ನು ಮುಂದಕ್ಕೆ ಬಿಡುತ್ತದೆ.

ಭಾರವಾದ ಕ್ರೇಟುಗಳು ಮೊದಲು, ಜಾಲರಿಗೆ ತಾಗಿಕೊಂಡು, ತಳದಲ್ಲಿ. ಹಗುರವಾದವು ಮೇಲೆ ಮತ್ತು ಹಿಂದೆ. ಹಿಂದಿನ ಚಕ್ರಗಳಿಗಿಂತ ಆಚೆ ಭಾರ ಹೇರಿದರೆ ಕಾರಿನ ಮೂತಿ ಎದ್ದು, ಒದ್ದೆ ರಸ್ತೆಯಲ್ಲಿ ಸ್ಟಿಯರಿಂಗ್ ಹಗುರಾಗಿ ಹಿಡಿತ ತಪ್ಪುತ್ತದೆ. ಜಾಲರಿಗೂ ಕ್ರೇಟಿಗೂ ನಡುವೆ ಖಾಲಿ ಜಾಗ ಬಿಡಬೇಡಿ. ಬ್ರೇಕ್ ಹಾಕಿದಾಗ ಓಡಿಬಂದು ಗುದ್ದುವ ಕ್ರೇಟಿಗಿಂತ ಮೊದಲೇ ಒರಗಿ ನಿಂತ ಕ್ರೇಟು ಎಷ್ಟೋ ಮೇಲು. ಅಡುಗೆ ಅನಿಲದ ಸಿಲಿಂಡರು, ಪೆಟ್ರೋಲಿನ ಕ್ಯಾನು ಇವೆರಡನ್ನೂ ಮುಚ್ಚಿದ ಕಾರಿನೊಳಗೆ ಒಯ್ಯಬೇಡಿ. ತೋಟದ ಔಷಧಿಯನ್ನು ಒಯ್ಯಲೇಬೇಕಾದರೆ ಬಿಗಿ ಮುಚ್ಚಳದ ಡ್ರಮ್ಮಿನಲ್ಲಿಟ್ಟು, ತರಕಾರಿ ಒಯ್ಯುವ ದಿನ ಅದನ್ನು ಜೊತೆಗೆ ಹಾಕಬೇಡಿ.

ನೀರು ಮತ್ತು ಸದ್ದು

ಪ್ಲೈವುಡ್ ಕೆಡುವುದು ಮೈಯಿಂದಲ್ಲ, ಅಂಚಿನಿಂದ. ಕತ್ತರಿಸಿದ ಅಂಚುಗಳಿಗೂ ಬೋಲ್ಟಿನ ತೂತುಗಳ ಒಳಗೂ ಎರಡು ಸಲ ವಾರ್ನಿಷ್ ಕುಡಿಸಿ, ಆಮೇಲೆ ಮೇಲ್ಮೈಗೆ ಬಳಿಯಿರಿ. ಮೇಲೆ ಗೀರುಗಳಿರುವ ರಬ್ಬರ್ ಮ್ಯಾಟ್ ಹಾಸಿ. ನುಣುಪಾದ ರೆಕ್ಸಿನ್ ಮೇಲೆ ಎಲ್ಲವೂ ಜಾರುತ್ತದೆ. ಸಸಿಗಳಿಗೆ ಅಂಚಿರುವ ಪ್ಲಾಸ್ಟಿಕ್ ಟ್ರೇ ಬೇಕೇ ಬೇಕು. ಮುಚ್ಚಳ, ಚೌಕಟ್ಟು ತಾಗುವ ಕಡೆಗಳಿಗೆಲ್ಲ ಹಳೆಯ ಸೈಕಲ್ ಟ್ಯೂಬನ್ನು ಸೀಳಿ ಅಂಟಿಸಿದರೆ ಕಟಕಟ ಸದ್ದು ನಿಲ್ಲುತ್ತದೆ.

ಮೊದಲ ಓಡಾಟ

ಬ್ಯಾಟರಿ ಜೋಡಿಸಿ, ಇಗ್ನಿಷನ್ ಹಾಕಿ ಏರ್‌ಬ್ಯಾಗ್ ದೀಪ ಆರುತ್ತದೆಯೇ ನೋಡಿ. ಆರದಿದ್ದರೆ ಕಾರನ್ನು ರಸ್ತೆಗೆ ಇಳಿಸದೆ ಸರ್ವಿಸ್ ಕೇಂದ್ರದವರನ್ನು ಕರೆಸಿ. ಮೊದಲು ಖಾಲಿ ಅಟ್ಟಣೆಯೊಂದಿಗೆ ಊರೊಳಗೆ ಒಂದು ಸುತ್ತು, ಆಮೇಲೆ ಅರ್ಧ ಭಾರ ಹೇರಿ ಕಟ್ಟಿ, ಜನರಿಲ್ಲದ ಬಯಲಿನಲ್ಲಿ ಗಂಟೆಗೆ 30 ಕಿ.ಮೀ. ವೇಗದಿಂದ ಗಟ್ಟಿಯಾಗಿ ಬ್ರೇಕ್ ಹಾಕಿ ನೋಡಿ. ಸೀಮೆಸುಣ್ಣದಿಂದ ಕ್ರೇಟಿನ ಸುತ್ತ ಮೊದಲೇ ಗೆರೆ ಎಳೆದಿಟ್ಟರೆ ಎಷ್ಟು ಸರಿಯಿತು ಎಂಬುದು ತಿಳಿಯುತ್ತದೆ. ಗೆರೆ ದಾಟಿದ್ದರೆ ಬೆಲ್ಟಿನ ಕೋನ ಬದಲಿಸಿ, ಮತ್ತೆ ನೋಡಿ. ಅಡ್ಡಪಟ್ಟಿಯೋ ಹಿಡಿಕೆಯೋ ಕದಲಿದ್ದರೆ ಅಲ್ಲಿಗೆ ನಿಲ್ಲಿಸಿ, ಬಿಚ್ಚಿ, ಕಾರಣ ಹುಡುಕಿ.

ಚಾಲಕರ ಬಾಗಿಲಿನ ಕಂಬದ ಮೇಲಿನ ಚೀಟಿಯಲ್ಲಿ ಪೂರ್ತಿ ಭಾರಕ್ಕೆ ಬೇಕಾದ ಟೈರಿನ ಗಾಳಿಯ ಅಂಕಿ ಬೇರೆಯೇ ಇರುತ್ತದೆ, ಅದರಂತೆ ತುಂಬಿಸಿ. ಹಿಂಭಾಗ ತಗ್ಗಿದಾಗ ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಸ್ಟಿಯರಿಂಗ್ ಪಕ್ಕದಲ್ಲಿರುವ, ಬೆಳಕನ್ನು ತಗ್ಗಿಸುವ ಚಿಕ್ಕ ಗುಂಡಿಯನ್ನು ಭಾರಕ್ಕೆ ತಕ್ಕಂತೆ ತಿರುಗಿಸಿ. ಅದು ಇದೆಯೆಂಬುದೇ ಅನೇಕರಿಗೆ ನೆನಪಿರುವುದಿಲ್ಲ. ಮೊದಲ ವಾರದ ಓಡಾಟದ ನಂತರ ಎಲ್ಲ ಬೋಲ್ಟುಗಳನ್ನೂ ಮತ್ತೊಮ್ಮೆ ಬಿಗಿದು, ನಟ್ಟಿಗೂ ಹಿಡಿಕೆಗೂ ಸೇರುವಂತೆ ಪೇಂಟಿನ ಒಂದು ಗೆರೆ ಹಾಕಿಡಿ. ಮುಂದೆ ಯಾವುದಾದರೂ ತಿರುಗಿದರೆ ಗೆರೆ ಮುರಿದು ಕಣ್ಣಿಗೇ ಕಾಣುತ್ತದೆ.

ತೆಗೆದ ಸೀಟು

ಅದನ್ನು ಕೊಟ್ಟಿಗೆಯಲ್ಲೋ ಗೋದಾಮಿನ ಮೂಲೆಯಲ್ಲೋ ಎಸೆಯಬೇಡಿ. ಇಲಿಗೆ ಸೀಟಿನ ಫೋಮಿಗಿಂತ ಪ್ರಿಯವಾದ ಗೂಡಿಲ್ಲ. ಬಿಸಿಲಿಗೆ ಒಣಗಿಸಿ, ಹಳೆಯ ಹತ್ತಿಯ ಬೆಡ್‌ಶೀಟ್ ಸುತ್ತಿ, ಮನೆಯೊಳಗೆ ಅಟ್ಟದ ಮೇಲೆ ನೆಲಕ್ಕೆ ತಾಗದಂತೆ ಇಡಿ. ಪ್ಲಾಸ್ಟಿಕ್ ಸುತ್ತಿದರೆ ಮಳೆಗಾಲದಲ್ಲಿ ಒಳಗೇ ಬೆವರಿ ಬೂಷ್ಟು ಹಿಡಿಯುತ್ತದೆ. ಬೋಲ್ಟಿನ ಡಬ್ಬಿಯನ್ನು ಸೀಟಿಗೇ ಕಟ್ಟಿಡಿ. ಕಾರಿನಲ್ಲಿ ಖಾಲಿ ಉಳಿದ ಬೋಲ್ಟಿನ ತೂತುಗಳಿಗೆ ಅವುಗಳದೇ ಬೋಲ್ಟನ್ನು ಹಗುರವಾಗಿ ತಿರುಗಿಸಿ ಮುಚ್ಚಿ, ಇಲ್ಲದಿದ್ದರೆ ಧೂಳು ತುಂಬಿ ಥ್ರೆಡ್ ಕಟ್ಟಿಕೊಳ್ಳುತ್ತದೆ.

ಮತ್ತೆ ಸೀಟು ಕೂರಿಸುವ ದಿನ ಒರಗು ಮೊದಲು, ಮೆತ್ತೆ ಆಮೇಲೆ. ಮೆತ್ತೆ ಇಳಿಸುವಾಗ ಮೂರೂ ಬೆಲ್ಟಿನ ಬಕಲ್ಲುಗಳನ್ನು ಮೇಲಕ್ಕೆ ಎಳೆದು ಹಿಡಿಯಿರಿ, ಅಡಿಯಲ್ಲಿ ಸಿಕ್ಕಿಕೊಂಡರೆ ಮತ್ತೆ ಎಲ್ಲವನ್ನೂ ಬಿಚ್ಚಬೇಕಾಗುತ್ತದೆ. ಬೋಲ್ಟು ಬಿಗಿದ ಮೇಲೆ ಒರಗನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಜಗ್ಗಿ ನೋಡಿ, ಪ್ರತಿ ಬೆಲ್ಟನ್ನೂ ಸಿಕ್ಕಿಸಿ ಒಮ್ಮೆ ಜೋರಾಗಿ ಎಳೆದು ನೋಡಿ. ಆಮೇಲೆ ಮನೆಯವರನ್ನು ಹತ್ತಿಸಿ.